ಕಪ್ಪೆಲೆ, ನೇರಳೆ ಕಾಯಿ: ಮನೆಯೊಳಗೆ ಬೆಳೆಯಲು ಯಾವ ಅಲಂಕಾರಿಕ ಮೆಣಸು?

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ನಾಲ್ಕನೇ ಮಹಡಿಯಲ್ಲಿದ್ದೇವೆ. ಬಾಲ್ಕನಿ ಇಲ್ಲ. ಹಾಲ್‌ಗೆ ಪೂರ್ವದ ಕಡೆ ದೊಡ್ಡ ಕಿಟಕಿ, ಅಡುಗೆಮನೆಗೆ ದಕ್ಷಿಣದ ಕಡೆ ಚಿಕ್ಕ ಕಿಟಕಿ ಇದೆ. ಕಪ್ಪು ಎಲೆ, ನೇರಳೆ ಕಾಯಿಯ ಮೆಣಸಿನ ಗಿಡಗಳ ಚಿತ್ರ ನೋಡಿ ಜನವರಿಯಲ್ಲಿ ಆನ್‌ಲೈನ್‌ನಿಂದ ಬೀಜ ತರಿಸಿ ಹಾಕಿದೆವು. ಗಿಡ ಎರಡಡಿ ಉದ್ದಕ್ಕೆ ಎದ್ದು ಬಾಗಿತು, ಎಲೆ ಹಸಿರಾಗೇ ಉಳಿಯಿತು, ಏಪ್ರಿಲ್‌ನಲ್ಲಿ ಬಂದ ಹೂವೆಲ್ಲ ಉದುರಿಹೋಯಿತು. ಮನೆಯೊಳಗೆ ಬೆಳೆಯಲು ಯಾವ ತಳಿ ಆರಿಸಬೇಕು? ಆರು ವರ್ಷದ ಮಗುವಿದೆ. ಆ ಕಾಯಿಗಳನ್ನು ತಿನ್ನಬಹುದೇ?

ಉತ್ತರ: ಬೀಜ ಮೋಸದ್ದು ಎಂದು ಈಗಲೇ ತೀರ್ಮಾನಿಸಬೇಡಿ. ಗಿಡ ಪೀಚಾಗಿ ಎದ್ದು ಬಾಗಿದ್ದು, ಎಲೆಗೆ ಬಣ್ಣ ಬಾರದಿದ್ದದ್ದು, ಹೂವು ನಿಲ್ಲದಿದ್ದದ್ದು, ಈ ಮೂರಕ್ಕೂ ಮುಖ್ಯ ಕಾರಣ ಒಂದೇ: ಬೆಳಕು ಸಾಲದೆ ಹೋಗಿದೆ. ಹೂವಿನ ವಿಷಯದಲ್ಲಿ ಏಪ್ರಿಲ್‌ನ ಸೆಕೆಯೂ ಅದಕ್ಕೆ ಸೇರಿಕೊಂಡಿದೆ. ಮೆಣಸಿನ ಎಲೆ, ಕಾಯಿಗಳ ಕಪ್ಪು-ನೇರಳೆ ಬಣ್ಣ ಆಂಥೋಸಯಾನಿನ್‌ನದು. ನೇರಳೆ ಹಣ್ಣಿಗೂ ನೇರಳೆ ಬದನೆಗೂ ಬಣ್ಣ ಕೊಡುವ ವರ್ಣದ್ರವ್ಯ ಅದೇ. ಎಲೆಯ ಮೇಲೆ ಬಿಸಿಲು ಜೋರಾಗಿ ಬಿದ್ದಾಗ ಗಿಡ ಅದನ್ನು ಹೆಚ್ಚು ತಯಾರಿಸುತ್ತದೆ. ನೆರಳಿನಲ್ಲಿಟ್ಟರೆ ತಯಾರಿಸುವುದನ್ನೇ ಬಿಟ್ಟು, ಸಿಕ್ಕ ಬೆಳಕನ್ನೆಲ್ಲ ಹಿಡಿಯಲು ಹಸಿರಾಗಿಯೇ ಇರುತ್ತದೆ. ಒಂದೇ ಪೊಟ್ಟಣದ ಎರಡು ಸಸಿಗಳಲ್ಲಿ ಒಂದನ್ನು ತಾರಸಿಯ ಮೇಲೂ ಇನ್ನೊಂದನ್ನು ಹಾಲ್‌ನ ಮೂಲೆಯಲ್ಲೂ ಇಟ್ಟರೆ, ಎರಡು ತಿಂಗಳಲ್ಲಿ ಅವು ಬೇರೆ ಬೇರೆ ತಳಿಯೇನೋ ಎನ್ನುವಷ್ಟು ಬೇರೆಯಾಗಿ ಕಾಣುತ್ತವೆ. ಹಾಗಾಗಿ ಮನೆಯೊಳಗಿನ ಮೆಣಸನ್ನು ಪೊಟ್ಟಣದ ಚಿತ್ರ ನೋಡಿ ಆರಿಸಬಾರದು, ನಿಮ್ಮ ಕಿಟಕಿ ನೋಡಿ ಆರಿಸಬೇಕು.

ಕಿಟಕಿಯ ಲೆಕ್ಕ ಮೊದಲು ಮಾಡೋಣ. ಇಂಗ್ಲೆಂಡ್, ಜರ್ಮನಿಗಳ ತೋಟಗಾರಿಕೆ ಪುಸ್ತಕಗಳು "ದಕ್ಷಿಣದ ಕಿಟಕಿಯಲ್ಲಿಡಿ" ಎನ್ನುತ್ತವೆ. ಅಲ್ಲಿ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ, ಅಲ್ಲಿಗೆ ಆ ಮಾತು ಸರಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಶಾಲಾ ಮಕ್ಕಳು ನೆರಳಿಲ್ಲದ ದಿನ ಎಂದು ಕೋಲು ನೆಟ್ಟು ನೋಡುವುದು ಅದನ್ನೇ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ, ನಿಮ್ಮ ದಕ್ಷಿಣದ ಕಿಟಕಿಗೆ ನೇರ ಬಿಸಿಲು ತಾಗುವುದೇ ಇಲ್ಲ. ಅದೇ ಕಿಟಕಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಮನೆಯಲ್ಲೇ ಅತ್ಯುತ್ತಮ ಜಾಗ. ಆದರೆ ಸಜ್ಜೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಜ್ಜೆ ಎರಡಡಿ ಚಾಚಿದ್ದರೆ ಡಿಸೆಂಬರ್‌ನ ಮಧ್ಯಾಹ್ನವೂ ಅದರ ಕೆಳಗಿನ ಎರಡೂಮುಕ್ಕಾಲು ಅಡಿಯಷ್ಟು ಭಾಗ ನೆರಳಲ್ಲೇ ಇರುತ್ತದೆ. ಕುಂಡವನ್ನು ತೂಗುಹಾಕುವ ಬದಲು ಕಿಟಕಿಯ ತಳದ ಕಟ್ಟೆಯ ಮೇಲೆ ಇಟ್ಟರೆ ಬಿಸಿಲು ಸಿಗುತ್ತದೆ. ಪೂರ್ವದ ಕಿಟಕಿಗೆ ಈ ಏರುಪೇರು ಕಡಿಮೆ. ಎದುರು ಕಟ್ಟಡ ಅಡ್ಡವಿಲ್ಲದಿದ್ದರೆ ವರ್ಷವಿಡೀ ಬೆಳಿಗ್ಗೆ ಎರಡೂವರೆ, ಮೂರು ಗಂಟೆಯ ಎಳೆಬಿಸಿಲು ಬೀಳುತ್ತದೆ. ನಿಮ್ಮ ಮುಖ್ಯ ಜಾಗ ಅದೇ ಆಗಲಿ.

ಕಣ್ಣಂದಾಜನ್ನು ನಂಬಬೇಡಿ. ನಮ್ಮ ಕಣ್ಣು ಕಡಿಮೆ ಬೆಳಕಿಗೂ ಹೊಂದಿಕೊಂಡುಬಿಡುತ್ತದೆ. ಫೋನ್‌ನಲ್ಲಿ ಬೆಳಕು ಅಳೆಯುವ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡು, ಫೋನ್‌ನ ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಎಲೆ ಇರುವ ಎತ್ತರದಲ್ಲೇ ಹಿಡಿದು ನೋಡಿ. ಪಕ್ಕಾ ಅಳತೆ ಸಿಗದಿದ್ದರೂ ಜಾಗಜಾಗಕ್ಕೆ ಹೋಲಿಸಲು ಸಾಕು. ನೇರ ಬಿಸಿಲು ಬೀಳುವಲ್ಲಿ ನಲವತ್ತು, ಐವತ್ತು ಸಾವಿರ ಲಕ್ಸ್ ತೋರಿಸಿದ್ದು ಎರಡಡಿ ಒಳಗೆ ಬಂದರೆ ಒಂದೆರಡು ಸಾವಿರಕ್ಕೆ ಇಳಿಯುತ್ತದೆ. ಸೊಳ್ಳೆ ಜಾಲರಿ ಹಾಕಿದ್ದರೆ ಅದನ್ನು ಸರಿಸಿ ಒಮ್ಮೆ, ಮುಚ್ಚಿ ಒಮ್ಮೆ ನೋಡಿ. ಧೂಳು ಕೂತ ಜಾಲರಿ ಎಷ್ಟು ಬೆಳಕು ತಿನ್ನುತ್ತದೆ ಎಂದು ಆಗ ಗೊತ್ತಾಗುತ್ತದೆ. ಮೆಣಸು ಹೂ ಕಚ್ಚಿ ಕಾಯಿ ಬಿಡಬೇಕೆಂದರೆ ಹದಿನೈದು ಸಾವಿರ ಲಕ್ಸ್‌ಗೆ ಮೇಲ್ಪಟ್ಟ ಬೆಳಕು ದಿನಕ್ಕೆ ಹದಿನಾಲ್ಕು ಗಂಟೆಯಷ್ಟಾದರೂ ಸಿಗಬೇಕು, ಇಲ್ಲವೇ ಐದಾರು ಗಂಟೆ ಚೊಕ್ಕ ಬಿಸಿಲು ಬೀಳಬೇಕು. ನಿಮ್ಮ ಪೂರ್ವದ ಕಿಟಕಿ ಈ ಗೆರೆಗಿಂತ ಸ್ವಲ್ಪ ಕೆಳಗೆ ನಿಲ್ಲುತ್ತದೆ. ಕುಳ್ಳ ತಳಿಗಳು ಅಷ್ಟರಲ್ಲಿ ಸಂಭಾಳಿಸಿಕೊಳ್ಳುತ್ತವೆ, ಕಪ್ಪೆಲೆಯವು ಸಂಭಾಳಿಸಿಕೊಳ್ಳುವುದಿಲ್ಲ.

ಆ ಕೊರತೆಯನ್ನು ತುಂಬಲು ಎಲ್‌ಇಡಿ ದೀಪ ಸಾಕು. ಗುಲಾಬಿ ಬಣ್ಣ ಸೂಸುವ ದುಬಾರಿ ಗ್ರೋ ಲೈಟ್ ಬೇಕಿಲ್ಲ. 5000 ಅಥವಾ 6500 ಕೆಲ್ವಿನ್‌ನ ಬಿಳಿ ಬೆಳಕಿನ 20 ವಾಟ್‌ನ ಎರಡು ಟ್ಯೂಬ್‌ಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಗಿಡದ ತುದಿಯಿಂದ 15ರಿಂದ 20 ಸೆಂಟಿಮೀಟರ್ ಮೇಲೆ ತೂಗುಹಾಕಿ. ಗಿಡ ಬೆಳೆದಂತೆ ದೀಪವನ್ನೂ ಎತ್ತರಿಸಲು ಸರಪಳಿ ಅಥವಾ ದಾರ ಇರಲಿ. ಹೆಚ್ಚಿನವರು ಎಡವುವುದು ಇಲ್ಲೇ: ಸೀಲಿಂಗ್‌ನ ಟ್ಯೂಬ್‌ಲೈಟ್ ಉರಿಯುತ್ತಿದೆಯಲ್ಲ, ಸಾಕು ಎಂದುಕೊಳ್ಳುತ್ತಾರೆ. ಆರಡಿ ದೂರದಿಂದ ಬರುವ ಆ ಬೆಳಕು ಗಿಡಕ್ಕೆ ಲೆಕ್ಕಕ್ಕೇ ಇಲ್ಲ. ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಉರಿಸಿದರೆ ತಿಂಗಳಿಗೆ ಆರು ಯೂನಿಟ್ ವಿದ್ಯುತ್ ಹೋಗುತ್ತದೆ. ಕಿಟಕಿಯೇ ಇಲ್ಲದ ಮೂಲೆಯಾದರೆ ಹದಿನಾಲ್ಕು ಗಂಟೆ, ತಿಂಗಳಿಗೆ ಹದಿನೇಳು ಯೂನಿಟ್. ರಾತ್ರಿಯಿಡೀ ಉರಿಸಬೇಡಿ, ಗಿಡಕ್ಕೆ ಎಂಟು ಗಂಟೆ ಕತ್ತಲು ಬೇಕು.

ಈಗ ತಳಿಗೆ ಬರುತ್ತೇನೆ. ಮೆಣಸಿನಲ್ಲಿ ಬೇಸಾಯಕ್ಕೆ ಬಂದ ಪ್ರಭೇದಗಳು ಐದು. ಮನೆಯೊಳಗಿನ ಕುಂಡಕ್ಕೆ ಒಗ್ಗುವ ಕುಳ್ಳ ಗಿಡಗಳು ಬಹುಪಾಲು ಕ್ಯಾಪ್ಸಿಕಮ್ ಆನ್ಯುಮ್‌ನಲ್ಲೇ ಇವೆ. ಬ್ಯಾಡಗಿ, ಗುಂಟೂರು, ದೊಣ್ಣೆಮೆಣಸು ಎಲ್ಲವೂ ಇದೇ ಪ್ರಭೇದದವು. ಅಲಂಕಾರಿಕ ತಳಿಗಳಲ್ಲಿ ಎರಡು ಗುಣ ನೋಡಿ. ಒಂದು, ಕಾಯಿ ಜೋತುಬೀಳದೆ ಮುಗಿಲಿಗೆ ಮುಖ ಮಾಡಿ ನಿಲ್ಲಬೇಕು. ಇನ್ನೊಂದು, ರೆಂಬೆಯ ತುದಿಯಲ್ಲಿ ನಾಲ್ಕಾರು ಕಾಯಿ ಗೊಂಚಲಾಗಿ ಬರಬೇಕು. ಇವೆರಡೂ ಇದ್ದರೆ ಒಂದಡಿ ಗಿಡವೂ ಹೂಗುಚ್ಛದಂತೆ ಕಾಣುತ್ತದೆ.

ನಿಮ್ಮ ಮನೆಗೆ ನನ್ನ ಮೊದಲ ಆಯ್ಕೆ ಮೆಡೂಸಾ. ಗಿಡ ಒಂದಡಿ ದಾಟುವುದಿಲ್ಲ, ತಾನಾಗಿಯೇ ಬುಡದಿಂದ ಕವಲೊಡೆಯುತ್ತದೆ, ಚಿವುಟುವ ಕೆಲಸವೂ ಇಲ್ಲ. ಎರಡು ಅಂಗುಲದ ಸಪೂರ ಕಾಯಿಗಳು ತಿರುಚಿಕೊಂಡು ಮೇಲಕ್ಕೆ ನಿಂತು ದಂತಬಣ್ಣದಿಂದ ಹಳದಿ, ಕಿತ್ತಳೆ, ಕೆಂಪಿಗೆ ತಿರುಗುತ್ತವೆ. ಬಹಳ ಮುಖ್ಯವಾದ ಮಾತೆಂದರೆ ಖಾರ ಇಲ್ಲವೆನ್ನುವಷ್ಟು ಕಡಿಮೆ. ಮಗು ಕಿತ್ತು ಕಣ್ಣಿಗೆ ಒರೆಸಿಕೊಂಡರೂ ಆಸ್ಪತ್ರೆಗೆ ಓಡಬೇಕಾದ ಪ್ರಸಂಗ ಬರುವುದಿಲ್ಲ. ಇದೇ ಬಗೆಯ ಇನ್ನೊಂದು ತಳಿ ಚಿಲ್ಲಿ ಚಿಲಿ. ಅದಕ್ಕೆ 2002ರಲ್ಲಿ, ಹೊಸ ತಳಿಗಳನ್ನು ಪರೀಕ್ಷಿಸುವ ಅಮೆರಿಕದ ಆಲ್ ಅಮೆರಿಕ ಸೆಲೆಕ್ಷನ್ಸ್ ಸಂಸ್ಥೆಯ ಮನ್ನಣೆ ಸಿಕ್ಕಿತು. ಇದೂ ಖಾರವಿಲ್ಲದ್ದೇ.

ಬಣ್ಣದ ಓಕುಳಿ ಬೇಕು, ಖಾರ ಇದ್ದರೂ ಸರಿ ಎನ್ನುವವರಿಗೆ ನ್ಯೂಮೆಕ್ಸ್ ಟ್ವೈಲೈಟ್. ಹಸಿರೆಲೆ, ಬಿಳಿ ಹೂವು, ಬೆರಳ ತುದಿಯಷ್ಟು ದಪ್ಪದ ಕಾಯಿಗಳು. ನೇರಳೆ ಬಣ್ಣದಲ್ಲಿ ಹುಟ್ಟಿ ಹಳದಿ, ಕಿತ್ತಳೆ ದಾಟಿ ಕೆಂಪಾಗುತ್ತವೆ, ನಾಲ್ಕೂ ಬಣ್ಣ ಒಂದೇ ಗಿಡದಲ್ಲಿ ಒಂದೇ ದಿನ ಕಾಣುತ್ತವೆ. ಇದರ ಹತ್ತಿರದ ಸಂಬಂಧಿ ನ್ಯೂಮೆಕ್ಸ್ ಸೆಂಟೆನಿಯಲ್. ಅಮೆರಿಕದ ನ್ಯೂ ಮೆಕ್ಸಿಕೋ ಸ್ಟೇಟ್ ವಿಶ್ವವಿದ್ಯಾಲಯ 1988ರಲ್ಲಿ ತನ್ನ ನೂರನೇ ವರ್ಷದ ನೆನಪಿಗೆ ಬಿಡುಗಡೆ ಮಾಡಿದ ತಳಿ. ಅದಕ್ಕೆ ಎಲೆ, ಹೂವು ಕೂಡ ನೇರಳೆ. ಬೆಳಕು ಕಡಿಮೆಯಿದ್ದರೆ ಟ್ವೈಲೈಟ್ ವಾಸಿ. ಅದರ ಚೆಲುವೆಲ್ಲ ಕಾಯಿಯಲ್ಲಿದೆ. ಎಲೆ ಹೇಗೂ ಹಸಿರು, ಮಾಸಲು ಅಲ್ಲಿ ಬಣ್ಣವೇ ಇಲ್ಲ.

ನೀವು ಚಿತ್ರದಲ್ಲಿ ನೋಡಿದ್ದು ಬಹುಶಃ ಬ್ಲ್ಯಾಕ್ ಪರ್ಲ್. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ರೂಪಿಸಿದ ಈ ತಳಿ 2006ರಲ್ಲಿ ಅದೇ ಆಲ್ ಅಮೆರಿಕ ಮನ್ನಣೆ ಪಡೆಯಿತು. ಬಲಿತ ಎಲೆ ಕಾಡಿಗೆಯಂತೆ ಕಪ್ಪು, ಗುಂಡು ಕಾಯಿಗಳು ಕರಿಮಣಿಯಂತೆ ಮಿನುಗಿ ಕೊನೆಗೆ ಗಾಢ ಕೆಂಪಾಗುತ್ತವೆ. ಗಿಡ ಒಂದೂವರೆ ಅಡಿ ಬೆಳೆಯುತ್ತದೆ, ಎಂಟು ಅಂಗುಲದ ಕುಂಡ ಬೇಕು, ಕಾಯಿ ಚೆನ್ನಾಗಿ ಖಾರ. ಎಳೆಯ ಸಸಿ ಹಸಿರಾಗಿಯೇ ಇರುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಬೆಳೆದು ಬಿಸಿಲು ಉಂಡ ಮೇಲೆಯೇ ಕಪ್ಪಾಗುವುದು. ದೀಪ ಹಾಕುವ ಮನಸ್ಸಿದ್ದರೆ ಮಾತ್ರ ಇದನ್ನು ತನ್ನಿ. ನೇರಳೆ-ಬಿಳಿ ಮಚ್ಚೆಯ ಎಲೆಯ ಪರ್ಪಲ್ ಫ್ಲ್ಯಾಶ್‌ಗೂ ಇದೇ ಮಾತು.

ಬಿಳಿ-ಹಸಿರು ಮಚ್ಚೆಯ ತಳಿಗಳಲ್ಲಿ ಫಿಶ್ ಪೆಪ್ಪರ್‌ಗೆ ಸಾಟಿಯಿಲ್ಲ. ಎಲೆಯ ಮೇಲೆ ಸುಣ್ಣ ಚಿಮುಕಿಸಿದಂತೆ ಮಚ್ಚೆ, ಎಳೆಗಾಯಿ ಕೆನೆಬಿಳುಪಿನ ಮೇಲೆ ಹಸಿರು ಗೀರು, ಹಣ್ಣಾದಾಗ ಕೆಂಪು. 19ನೇ ಶತಮಾನದಲ್ಲಿ ಅಮೆರಿಕದ ಚೆಸಪೀಕ್ ಕೊಲ್ಲಿಯ ಸುತ್ತಲಿನ ಕಪ್ಪು ಜನರು ಮೀನು, ಸಿಂಪಿಯ ಬಿಳಿ ಸಾರುಗಳಿಗೆ ಖಾರ ಬರಲಿ, ಬಣ್ಣ ಕೆಡದಿರಲಿ ಎಂದು ಈ ಬಿಳಿಗಾಯಿಯನ್ನು ಬಳಸುತ್ತಿದ್ದರು. ಆಮೇಲೆ ಹೆಚ್ಚುಕಡಿಮೆ ಕಳೆದೇಹೋಗಿದ್ದ ಬೀಜ, ಚಿತ್ರಕಾರ ಹೊರೇಸ್ ಪಿಪ್ಪಿನ್ 1940ರ ದಶಕದಲ್ಲಿ ಜೇನು ಸಾಕುವ ಪರಿಚಿತರೊಬ್ಬರಿಗೆ ಕೊಟ್ಟ ಬೀಜಗಳಿಂದ ಉಳಿದು 1990ರ ದಶಕದಲ್ಲಿ ಮತ್ತೆ ಹರಡಿತು. ಬೆಳೆಸುವಾಗ ನೆನಪಿಡಬೇಕಾದದ್ದು ಇಷ್ಟು: ಎಲೆಯ ಬಿಳಿ ಭಾಗದಲ್ಲಿ ಬೆಳಕಿನಿಂದ ಆಹಾರ ತಯಾರಿಸುವ ಹಸಿರು ದ್ರವ್ಯ, ಅಂದರೆ ಹರಿತ್ತು ಇಲ್ಲ, ಹಾಗಾಗಿ ಗಿಡ ನಿಧಾನ. ಬೆಳಕು ಹೆಚ್ಚು ಬೇಕು, ಆದರೆ ಮಧ್ಯಾಹ್ನದ ಕಡುಬಿಸಿಲಿಗೆ ಬಿಳಿ ಭಾಗ ಸುಟ್ಟು ಕಂದಾಗುತ್ತದೆ. ಪೂರ್ವದ ಬಿಸಿಲು ಮತ್ತು ಸಂಜೆಯ ದೀಪ ಇದಕ್ಕೆ ಹೇಳಿ ಮಾಡಿಸಿದ ಜೋಡಿ. ಪೂರ್ತಿ ಹಸಿರಾದ ರೆಂಬೆ ಬಂದರೆ ಬುಡದಲ್ಲೇ ಕತ್ತರಿಸಿ, ಬಿಟ್ಟರೆ ಅದೇ ಜೋರಾಗಿ ಬೆಳೆದು ಮಚ್ಚೆಯ ರೆಂಬೆಗಳನ್ನು ಹಿಂದಿಕ್ಕುತ್ತದೆ.

ನಮ್ಮ ಊರಿನದೇ ಒಂದು ಗಿಡವನ್ನು ಈ ಪಟ್ಟಿಗೆ ಸೇರಿಸಲೇಬೇಕು: ಸೂಜಿ ಮೆಣಸು. ಜೀರಿಗೆ ಮೆಣಸು, ಗಾಂಧಾರಿ ಮೆಣಸು ಎಂದೂ ಕರೆಯುತ್ತಾರೆ. ಮಲೆನಾಡು, ಕೊಡಗಿನ ಕಾಫಿ, ಅಡಿಕೆ ತೋಟಗಳಲ್ಲಿ ಹಕ್ಕಿ ಹಿಕ್ಕೆಯಿಂದ ತಾನೇ ಹುಟ್ಟಿ, ಮರದ ಅರೆನೆರಳಲ್ಲೂ ಕಾಯಿ ಬಿಡುವ ಗಿಡ ಇದು. ಮೇಲಿನ ಎಲ್ಲ ತಳಿಗಳಿಗಿಂತ ಕಡಿಮೆ ಬೆಳಕಿನಲ್ಲಿ ಬದುಕುತ್ತದೆ. ಎಳೆಗಾಯಿ ದಂತದಂತೆ ಬೆಳ್ಳಗಿರುವ ಬಿಳಿ ಗಾಂಧಾರಿ ಸಿಕ್ಕರೆ ಅಲಂಕಾರಕ್ಕೂ ಕಡಿಮೆಯಿಲ್ಲ. ಬಿಟ್ಟರೆ ಮೂರು ನಾಲ್ಕಡಿ ಏರುತ್ತದೆ, ಎರಡು ತಿಂಗಳಿಗೊಮ್ಮೆ ತುದಿ ಕತ್ತರಿಸಿ ಒಂದೂವರೆ ಅಡಿಯಲ್ಲಿ ಹಿಡಿದಿಡಿ. ಖಾರ ಮಾತ್ರ ಜೋರು. ಕಿಟಕಿಯಲ್ಲಿ ಬಿಸಿಲೂ ಕಡಿಮೆ, ದೀಪ ಹಾಕುವುದೂ ಸಾಧ್ಯವಿಲ್ಲ ಎನ್ನುವವರಿಗೆ ನಾನು ಹೇಳುವುದು ಇದೊಂದನ್ನೇ.

ಬೇಡವೆನ್ನುವ ತಳಿಗಳೂ ಇವೆ. ಗಂಟೆಯಾಕಾರದ ಬಿಷಪ್ಸ್ ಕ್ರೌನ್ ಫೋಟೋದಲ್ಲಿ ಎಲ್ಲರ ಮನಸ್ಸು ಸೆಳೆಯುತ್ತದೆ, ಆದರೆ ನಾಲ್ಕಡಿ ಮೀರಿ ಹರಡುವ ಪೊದೆ. ಭೂತ್ ಜೊಲೋಕಿಯಾ, ಹಬನೇರೋ ಗುಂಪಿನವಕ್ಕೆ ಕನಿಷ್ಠ ಹನ್ನೆರಡು ಅಂಗುಲದ ಕುಂಡ, ಐದಾರು ತಿಂಗಳ ತಾಳ್ಮೆ ಬೇಕು, ಮಗುವಿರುವ ಮನೆಗೆ ಅವು ಸರಿಯೂ ಅಲ್ಲ. ನೇರಳೆ ಹೂವು, ಕಪ್ಪು ಬೀಜದ ರೊಕೊಟೊ ಆಂಡೀಸ್ ಬೆಟ್ಟಗಳದು. ಮಡಿಕೇರಿ, ಊಟಿಯ ತಂಪಿನಲ್ಲಿ ಯತ್ನಿಸಬಹುದು, ಬೆಂಗಳೂರಿನ ಬೇಸಿಗೆಯಲ್ಲಿ ಹೂ ನಿಲ್ಲಿಸುವುದಿಲ್ಲ. ಬೊಲಿವಿಯನ್ ರೇನ್‌ಬೋ ಚೆಂದವೇ, ಆದರೆ ಎರಡೂವರೆ ಅಡಿ ಏರುತ್ತದೆ.

ಕೊಳ್ಳುವಾಗ ಮೂರು ಎಚ್ಚರಿಕೆ. ಆಕಾಶನೀಲಿ ಬಣ್ಣದ ಮೆಣಸಿನ ಬೀಜ ಎಂದು ಮಾರುವುದನ್ನು ಕೊಳ್ಳಬೇಡಿ, ಅಂಥ ಮೆಣಸು ಇಲ್ಲ. ಇರುವುದು ನೇರಳೆ, ಉಳಿದದ್ದು ಫೋಟೋ ತಿದ್ದಿದ್ದು. ನರ್ಸರಿಯಲ್ಲಿ ಕೆಂಪು, ಕಿತ್ತಳೆ ಗುಂಡುಕಾಯಿ ತುಂಬಿದ ಕುಳ್ಳ ಗಿಡ ಕಂಡರೆ ಅದು ಜೆರುಸಲೇಮ್ ಚೆರ್ರಿ ಆಗಿರಬಹುದು. ನೋಡಲು ಮೆಣಸಿನಂತೆಯೇ ಇದ್ದರೂ ಅದು ಬೇರೆ ಗಿಡ, ಕಾಯಿ ವಿಷ. ಒಂದು ಕಾಯಿ ಕುಯ್ದು ನೋಡಿ: ಮೆಣಸಾದರೆ ಒಳಗೆ ಟೊಳ್ಳು, ನಡುದಿಂಡಿಗೆ ಬೀಜ ಅಂಟಿರುತ್ತದೆ. ಜೆರುಸಲೇಮ್ ಚೆರ್ರಿಯಲ್ಲಿ ಟೊಮೆಟೊದಂತೆ ತಿರುಳು ತುಂಬಿರುತ್ತದೆ. ಮಗುವಿರುವ ನಿಮ್ಮ ಮನೆಗೆ ಆ ಗಿಡ ಖಂಡಿತ ಬೇಡ. ಮೂರನೆಯದು, ನರ್ಸರಿಯ ಮೆಣಸಿನ ಗಿಡ ಗಿಡ್ಡಗಿರುವುದು ತಳಿಯ ಗುಣದಿಂದಲೇ ಎಂದುಕೊಳ್ಳಬೇಡಿ. ಬೆಳವಣಿಗೆ ತಡೆಯುವ ಔಷಧ ಹಾಕಿ ಕುಳ್ಳಗಿಡುವುದು ಹೂಗಿಡಗಳ ವ್ಯಾಪಾರದಲ್ಲಿ ರೂಢಿ. ಪ್ಯಾಕ್ಲೋಬ್ಯುಟ್ರಜಾಲ್ ಅಂಥದ್ದೊಂದು. ನಮ್ಮ ಮಾವಿನ ಬೆಳೆಗಾರರು ಕಲ್ಟಾರ್ ಎಂದು ಬಳಸುವುದೂ ಅದನ್ನೇ. ಮನೆಗೆ ತಂದು ಕೆಲವು ತಿಂಗಳಾದ ಮೇಲೆ ಅದರ ಪ್ರಭಾವ ಇಳಿದು ಗಿಡ ಉದ್ದವಾಗತೊಡಗುತ್ತದೆ. ತಂದಾಗ ಗಿಡದಲ್ಲಿದ್ದ ಕಾಯಿಗಳನ್ನು ತಿನ್ನಬೇಡಿ ಎನ್ನುವುದೂ ಈ ಕಾರಣಕ್ಕೇ. ಬೀಜದಿಂದ ಮನೆಯಲ್ಲೇ ಬೆಳೆದ ಗಿಡದ ಕಾಯಿಯಾದರೆ ಅಲಂಕಾರಿಕ ಮೆಣಸೂ ತಿನ್ನಲು ಬರುತ್ತದೆ, ಎಲ್ಲವೂ ಮೆಣಸೇ. ರುಚಿಯಲ್ಲಿ ಮಾತ್ರ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಸಿಪ್ಪೆ ದಪ್ಪ, ಬೀಜ ಹೆಚ್ಚು, ಪರಿಮಳ ಕಡಿಮೆ. ಒಗ್ಗರಣೆಗಿಂತ ಮಜ್ಜಿಗೆಯಲ್ಲಿ ನೆನೆಸಿ ಬಾಳಕಕ್ಕೆ ಹಾಕಿದರೆ ಚೆನ್ನ.

ಬಿತ್ತನೆಯ ಕಾಲವನ್ನು ಬದಲಿಸಿ. ಜನವರಿಯಲ್ಲಿ ಹಾಕಿದ್ದರಿಂದ ಹೂವು ಸರಿಯಾಗಿ ಏಪ್ರಿಲ್‌ಗೆ ಬಂತು. ಹಗಲು 33 ಡಿಗ್ರಿ ದಾಟಿ, ರಾತ್ರಿಯೂ ಮನೆಯೊಳಗೆ 25ರ ಕೆಳಗೆ ಇಳಿಯದಿದ್ದರೆ ಮೆಣಸಿನ ಪರಾಗ ಕೆಲಸಕ್ಕೆ ಬರುವುದಿಲ್ಲ, ಹೂ ತೊಟ್ಟಿನ ಗಂಟಿನಲ್ಲೇ ಕಳಚಿ ಬೀಳುತ್ತದೆ. ಆಗಸ್ಟ್ ಕೊನೆಯಲ್ಲಿ ಬಿತ್ತಿದರೆ ನವೆಂಬರ್‌ಗೆ ಹೂವು, ಡಿಸೆಂಬರ್-ಜನವರಿಯ ತಂಪಿನಲ್ಲಿ ಕಾಯಿ. ದಕ್ಷಿಣದ ಕಿಟಕಿಗೂ ಆಗಲೇ ಬಿಸಿಲು ಬಂದಿರುತ್ತದೆ.

ಬಿತ್ತಲು ಬಳಸುವ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆಯನ್ನು ನೆನೆಸಿದಾಗ ಬರುವ ನೀರು ಡಿಕಾಕ್ಷನ್‌ನಂತೆ ಕಪ್ಪಗಿರುತ್ತದೆ. ಅದರಲ್ಲಿ ಉಪ್ಪಿನಂಶ ಇರುತ್ತದೆ, ಸಸಿಯ ಎಲೆಯಂಚು ಸುಡುವುದು ಅದರಿಂದಲೇ. ನೀರು ತೆಳು ಚಹಾದ ಬಣ್ಣಕ್ಕೆ ಇಳಿಯುವವರೆಗೆ ಮೂರು ನಾಲ್ಕು ಸಲ ಹಿಂಡಿ ತೊಳೆಯಿರಿ. ಬಿತ್ತಲು ಬರಿ ಕೊಕೊಪಿಟ್ ಸಾಕು. ಬೀಜವನ್ನು ರಾತ್ರಿ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ, 25ರಿಂದ 30 ಡಿಗ್ರಿ ಬೆಚ್ಚಗಿರುವ ಕಡೆ, ಫ್ರಿಜ್ ಮೇಲಾದರೂ ಸರಿ, ಇಡಿ. ಎಂಟು ಹತ್ತು ದಿನಕ್ಕೆ ಮೊಳೆಯುತ್ತದೆ, ಸೂಜಿ ಮೆಣಸು ಮೂರು ವಾರವೂ ತೆಗೆದುಕೊಳ್ಳಬಹುದು. ಮೊಳಕೆ ತಲೆ ಎತ್ತಿದ ದಿನವೇ ದೀಪದಡಿಗೆ ತನ್ನಿ. ಎರಡು ದಿನ ತಡವಾದರೂ ಕಾಂಡ ದಾರದಂತೆ ಉದ್ದವಾಗುತ್ತದೆ, ಆಮೇಲೆ ಅದನ್ನು ತಿದ್ದಲಾಗದು.

ನಾಲ್ಕು ಎಲೆ ಬಂದಾಗ ಸಣ್ಣ ಕಪ್‌ಗೆ, ಆರನೇ ವಾರಕ್ಕೆ ಕುಂಡಕ್ಕೆ. ಕೊಕೊಪಿಟ್ ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಕಾಳು) ಒಂದು ಪಾಲು ಬೆರೆಸಿ. ಕೆಂಪುಮಣ್ಣು ಕುಂಡದೊಳಗೆ ಗಟ್ಟಿಯಾಗುತ್ತದೆ, ಮನೆಯೊಳಗೆ ಬೇಡ. ಮೆಡೂಸಾ, ಟ್ವೈಲೈಟ್‌ಗೆ ಆರು ಅಂಗುಲ, ಉಳಿದವಕ್ಕೆ ಎಂಟು. ಸಣ್ಣ ಸಸಿಯನ್ನು ನೇರ ದೊಡ್ಡ ಕುಂಡಕ್ಕೆ ಹಾಕುವುದು ತಪ್ಪು, ಬೇರು ತಲುಪದ ಭಾಗ ಒದ್ದೆಯಾಗೇ ಉಳಿದು ಕೊಳೆ ಹತ್ತುತ್ತದೆ. ನೀರಿಗೆ ದಿನದ ಲೆಕ್ಕ ಇಟ್ಟುಕೊಳ್ಳದೆ ಕುಂಡವನ್ನು ಎತ್ತಿ ತೂಕ ನೋಡಿ. ಹಗುರವಾದಾಗ ತಳದಿಂದ ನೀರು ಹರಿದುಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಅರ್ಧ ಗಂಟೆಯಲ್ಲಿ ಚೆಲ್ಲಿ. ಮಿಶ್ರಣ ಒದ್ದೆಯಿದ್ದೂ ಗಿಡ ಬಾಡಿದರೆ ಬೇರು ಕೊಳೆತಿದೆ ಎಂದರ್ಥ. ಆಗ ಮತ್ತೆ ನೀರು ಹಾಕಿದರೆ ಗಿಡ ಹೋಗುತ್ತದೆ.

ಗೊಬ್ಬರ ಮಿತವಾಗಿರಲಿ. ಬೆಳೆಯುವಾಗ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ) ಲೀಟರಿಗೆ ಒಂದು ಗ್ರಾಂ, ವಾರಕ್ಕೊಮ್ಮೆ. ಮೊಗ್ಗು ಕಂಡ ಮೇಲೆ ಅದನ್ನು ನಿಲ್ಲಿಸಿ ಒಂದು ವಾರ 13:0:45 (ಪೊಟ್ಯಾಸಿಯಂ ನೈಟ್ರೇಟ್), ಮರುವಾರ ಕ್ಯಾಲ್ಸಿಯಂ ನೈಟ್ರೇಟ್, ಎರಡೂ ಲೀಟರಿಗೆ ಒಂದೊಂದು ಗ್ರಾಂ. ಕ್ಯಾಲ್ಸಿಯಂ ನೈಟ್ರೇಟನ್ನು 19:19:19 ಜೊತೆ ಒಂದೇ ನೀರಿನಲ್ಲಿ ಬೆರೆಸಬೇಡಿ, ಬಿಳಿ ಗಸಿಯಾಗಿ ಎರಡೂ ವ್ಯರ್ಥ. ಆರ್‌ಒ ನೀರು ಹಾಕುವ ಮನೆಗಳಲ್ಲಿ ಕಾಯಿಯ ತುದಿ ಕಂದಾಗಿ ಕುಳಿಬೀಳುವುದು ಸಾಮಾನ್ಯ. ಆ ನೀರಿನಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ. ಬೋರ್‌ವೆಲ್ ನೀರಾದರೆ ಕುಂಡದ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ತಿಂಗಳಿಗೊಮ್ಮೆ ಕುಂಡದ ಎರಡು ಪಟ್ಟು ಮಳೆನೀರೋ ಕಾವೇರಿ ನೀರೋ ಸುರಿದು ತೊಳೆಯಿರಿ.

ಹೂವಿನ ವಿಷಯಕ್ಕೆ ಹೆಚ್ಚು ಗಮನ ಕೊಡಿ. ಮೆಣಸಿನ ಹೂವಿನಲ್ಲಿ ಗಂಡು-ಹೆಣ್ಣು ಎರಡೂ ಇವೆ, ದುಂಬಿ ಬರಲೇಬೇಕೆಂದಿಲ್ಲ, ಅಲುಗಾಟ ಸಾಕು. ಹೊರಗೆ ಆ ಕೆಲಸ ಗಾಳಿ ಮಾಡುತ್ತದೆ, ಮನೆಯೊಳಗೆ ನೀವು ಮಾಡಬೇಕು. ಹೂ ಅರಳಿದ ದಿನ ಹತ್ತಿರದಿಂದ ನೋಡಿ: ನಡುವೆ ಶಲಾಕೆ (ಹೂವಿನ ಹೆಣ್ಣು ಭಾಗ), ಸುತ್ತ ಪರಾಗದ ಐದಾರು ಬೂದುನೀಲಿ ಚೀಲ. ಬೆಳಿಗ್ಗೆ ಒಂಬತ್ತು ಹತ್ತು ಗಂಟೆಯ ಹೊತ್ತಿಗೆ ಆ ಚೀಲ ಉದ್ದಕ್ಕೆ ಸೀಳಿ ಅಂಚಿನಲ್ಲಿ ಹಳದಿ-ಬಿಳಿ ಹುಡಿ ಕಾಣುತ್ತದೆ. ಆಗ ರೆಂಬೆಯನ್ನು ಬೆರಳಿನಿಂದ ಎರಡು ಮೂರು ಸಲ ಮೆಲ್ಲಗೆ ಮೀಟಿ. ಹಿಂದಿನ ದಿನದ ಹೂವಿಗೂ ಮಾಡಿ. ಟೇಬಲ್ ಫ್ಯಾನ್ ಎಲೆ ಮೆಲ್ಲಗೆ ಅಲುಗುವಷ್ಟು ದೂರದಲ್ಲಿ ದಿನಕ್ಕೆ ಎರಡು ಗಂಟೆ ತಿರುಗಲಿ, ಕಾಂಡವೂ ಗಟ್ಟಿಯಾಗುತ್ತದೆ. ಅಡುಗೆಮನೆಯ ಕಿಟಕಿಯಲ್ಲಿ ಗಿಡ ಇಟ್ಟರೆ ಪಕ್ಕದಲ್ಲಿ ಬಾಳೆಹಣ್ಣು, ಸೇಬಿನ ಬುಟ್ಟಿ ಇರದಿರಲಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಮೆಣಸಿನ ಮೊಗ್ಗು, ಎಲೆ ಉದುರುತ್ತವೆ. ಕಾರಣ ತಿಳಿಯದೆ ಎಷ್ಟೋ ಜನ ಗೊಬ್ಬರ ಸುರಿಯುವುದು ಆಗಲೇ.

ಎಲೆ ಮುದುಡಿದರೆ ಯಾವ ಕಡೆಗೆ ಮುದುಡಿದೆ ನೋಡಿ. ಅಂಚು ಮೇಲಕ್ಕೆದ್ದು ದೋಣಿಯಂತಾದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ. ಅಂಚು ಕೆಳಕ್ಕೆ ಬಾಗಿ, ಚಿಗುರೆಲೆ ಕಿರಿದಾಗಿ, ತೊಟ್ಟು ಉದ್ದವಾದರೆ ಮೈಟ್ ನುಸಿ. ನುಸಿ ಬರಿಗಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಗೊಬ್ಬರದ ಕೊರತೆ ಎಂದು ತಪ್ಪು ತಿಳಿಯುತ್ತಾರೆ. ಎರಡಕ್ಕೂ ಮೊದಲು ಬಾಧಿತ ಚಿಗುರು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ. ಥ್ರಿಪ್ಸ್, ಸಸ್ಯಹೇನು, ಬಿಳಿನೊಣಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, 2 ಮಿಲಿ ದ್ರವ ಸೋಪು ಕಲಕಿ, ಕುಂಡವನ್ನು ಬಚ್ಚಲಿಗೆ ಒಯ್ದು ಸಂಜೆ ಎಲೆಯ ಅಡಿಗೆ ಸಿಂಪಡಿಸಿ. ಐದು ದಿನಕ್ಕೊಮ್ಮೆ, ಮೂರು ಸಲ. ನುಸಿಗೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಪರಿಣಾಮಕಾರಿ. ಆದರೆ ಅದನ್ನು ತಾರಸಿಯಲ್ಲೇ ಸಿಂಪಡಿಸಿ, ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಬೇಡ, 32 ಡಿಗ್ರಿ ಮೀರಿದ ಸೆಕೆಯಲ್ಲೂ ಬೇಡ, ಎಲೆ ಸುಡುತ್ತದೆ. ಎಲೆಯಡಿ ಸಕ್ಕರೆ ಹರಳಿನಂಥ ಪಾರದರ್ಶಕ ಕಣಗಳು ಕಂಡರೆ ಮೊಟ್ಟೆಯೆಂದು ಹೆದರಬೇಡಿ, ಒಳಾಂಗಣದ ಮೆಣಸಿನಲ್ಲಿ ಅದು ಸಾಮಾನ್ಯ, ನೀರು ಸ್ವಲ್ಪ ತಗ್ಗಿಸಿದರೆ ಸಾಕು. ಮನೆಯಲ್ಲಿ ಯಾರಾದರೂ ಹೊಗೆಸೊಪ್ಪು ಹಾಕುವವರಿದ್ದರೆ ಸೋಪಿನಲ್ಲಿ ಕೈ ತೊಳೆದೇ ಗಿಡ ಮುಟ್ಟಲಿ. ತಂಬಾಕಿನ ಮೊಸಾಯಿಕ್ ವೈರಸ್ ಕೈಯಿಂದ ಮೆಣಸಿಗೆ ದಾಟುತ್ತದೆ, ಅದಕ್ಕೆ ಮದ್ದಿಲ್ಲ.

ಮಗುವಿನ ವಿಷಯ: ಈ ವರ್ಷ ಮೆಡೂಸಾ ಒಂದೇ ಸಾಕು. ಖಾರದ ತಳಿ ತಂದರೆ ಕೈಗೆಟುಕದಲ್ಲಿಡಿ. ಖಾರ ಕೈಗೆ ಹತ್ತಿದರೆ ಬರಿ ನೀರಿನಿಂದ ಹೋಗುವುದಿಲ್ಲ. ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಬಾಯಿಗೆ ಹತ್ತಿದರೆ ತಣ್ಣನೆಯ ಹಾಲೋ ಮೊಸರೋ ಕೊಡಿ.

ಬೀಜ ಉಳಿಸಿಕೊಳ್ಳುವ ಆಸೆಯಿದ್ದರೆ ತಳಿಯ ಹೆಸರಿನ ಮುಂದೆ ಎಫ್1 (ಎರಡು ತಳಿ ಬೆರೆಸಿದ ಸಂಕರ ಬೀಜ) ಎಂದಿದೆಯೇ ನೋಡಿ. ಇದ್ದರೆ ಮರಿಗಿಡಗಳು ತಾಯಿಯಂತೆ ಬರುವುದಿಲ್ಲ. ಟ್ವೈಲೈಟ್, ಫಿಶ್, ಬಿಳಿ ಗಾಂಧಾರಿಗಳ ಬೀಜ ಇಟ್ಟುಕೊಳ್ಳಬಹುದು. ತೆರೆದ ಕಿಟಕಿಯಿಂದ ಜೇನು ಬಂದು ಎರಡು ತಳಿ ಬೆರೆಯದಂತೆ, ನಾಳೆ ಅರಳುವ ಮೊಗ್ಗಿಗೆ ಖಾಲಿ ಟೀ ಬ್ಯಾಗ್ ತೊಡಿಸಿ ಬಾಯಿಗೆ ದಾರ ಕಟ್ಟಿ. ದಿನಾ ಬೆಳಿಗ್ಗೆ ಮೀಟುತ್ತಿರಿ. ಹೀಚು ಕಂಡ ಕೂಡಲೇ ಚೀಲ ತೆಗೆದು ಆ ತೊಟ್ಟಿಗೆ ಬಣ್ಣದ ದಾರ ಸುತ್ತಿ ಗುರುತಿಡಿ. ಕಾಯಿ ಪೂರ್ತಿ ಕೆಂಪಾಗಿ ಮೆತ್ತಗಾದ ಮೇಲೆ ಕೊಯ್ದು, ಬೀಜ ಬಿಡಿಸಿ, ನೆರಳಿನಲ್ಲಿ ಒಂದು ವಾರ ಒಣಗಿಸಿ. ಬೀಜ ಬಗ್ಗಿಸಿದರೆ ಪಟ್ಟನೆ ಮುರಿಯಬೇಕು, ಆಗ ಕಾಗದದ ಪೊಟ್ಟಣಕ್ಕೆ ಹಾಕಿ ತಳಿ, ತಿಂಗಳು ಬರೆದು ಡಬ್ಬಿಯಲ್ಲಿ ಮುಚ್ಚಿಡಿ. ಮೂರು ವರ್ಷ ಚೆನ್ನಾಗಿ ಮೊಳೆಯುತ್ತದೆ.